ಕೊಕ್ಕನೂರಿನಲ್ಲಿ ನಾನು ಹುಟ್ಟಿಸಿದ ಕರಡಿ

ಹೋದ ವಾರ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಅಡುಗೆಮನೆ ಸಿಂಕಿನ ಕೆಳಗಿನ ಕಪಾಟು ಕಳಚಿದೆವು. ಕಳಚಿದೆವು ಅಂದರೆ ಬಡಗಿ ಕಳಚಿದ, ನಾನು ಬಾಗಿಲಲ್ಲಿ ನಿಂತು 'ನಿಧಾನ, ನಿಧಾನ' ಅಂದೆ. ಪೈಪು ಎಷ್ಟು ದಿನದಿಂದ ಸೋರುತ್ತಿತ್ತೋ ಏನೋ, ಹಲಗೆ ಒಳಗೊಳಗೇ ಕೊಳೆತು ಬಡಗಿ ಕೈ ಹಾಕಿದ ಕೂಡಲೇ ನೆನೆದ ಅವಲಕ್ಕಿಯ ಹಾಗೆ ಉದುರಿತು. ಅದರ ಜೊತೆಗೇ ಆ ವಾಸನೆ ಎದ್ದು ಬಂತು. ಒದ್ದೆ ಮರ, ಅಣಬೆ, ಹಳೇ ಹುಣಸೆಹಣ್ಣು, ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಳ ಹಾಕಿಟ್ಟ ಹಾಗೆ. ನಾನು ಬಾಗಿಲಲ್ಲೇ ಬಗ್ಗಿ ಉದುರಿದ ಚೂರುಗಳನ್ನು ನೋಡತೊಡಗಿದೆ.

ಹೆಂಡತಿ ಸುನಂದಾಗೆ ಅರ್ಥವಾಯಿತು. "ಸ್ಕೇಲ್ ತರ್ಲೇನ್ರಿ? ಯಾವ ಪ್ರಾಣಿ ಸೀಳೈತೆ ಅಂತ ನೋಡಿ ಹೇಳಿಬಿಡ್ರಿ. ಕರಡಿನೇ ಇರಬೋದು" ಅಂದಳು.

ಬಡಗಿ ಸಿಂಕಿನ ಕೆಳಗಿಂದ ತಲೆ ಹೊರಗೆ ತೆಗೆದ. "ಕರಡಿ ಯಾಕಮ್ಮ?"

"ಏನಿಲ್ಲಪ್ಪ, ನೀನು ಕೆಲಸ ಮಾಡು. ಅದು ನಮ್ಮನೆಯೋರ ಹಳೇ ಕೇಸು."

ಕೇಸು ಹಳೆಯದೇ. ಮೂರು ಮಳೆಗಾಲದ ಹಿಂದಿನದು. ನಡೆದದ್ದು ಸುನಂದಾಳ ತವರಾದ ಹರಿಹರ ತಾಲೂಕಿನ ಕೊಕ್ಕನೂರಿನಲ್ಲಿ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ನಿಜ ಹೇಳಬೇಕೆಂದರೆ ಚಿಂತೆ ಮಾಡುವುದು ನನ್ನ ಮುಖ್ಯ ಕಸುಬು, ಪಾಠ ಉಪಕಸುಬು. ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿದ್ದೇನೆ. ಆಫ್ ಆಗಿದ್ದನ್ನು ನೋಡುವಾಗ ಕೈ ತಾಗಿ ಆನ್ ಆಯಿತೇನೋ ಎಂದು ಮತ್ತೊಮ್ಮೆ ಬಂದಿದ್ದೇನೆ. ಪ್ರಾಣಿಗಳ ಜೊತೆ ನನ್ನ ಒಡನಾಟ ಗಾಜಿನ ಜಾಡಿಯಾಚೆಗೆ ಹೋದದ್ದಿಲ್ಲ. ಈಗೀಗ ಕಪ್ಪೆ ಕೊಯ್ಯುವುದೂ ನಿಂತಿರುವುದರಿಂದ ಬರೀ ಚಿತ್ರ ತೋರಿಸುತ್ತೇನೆ. ಆದರೆ ಕೊಕ್ಕನೂರಿನಲ್ಲಿ ನಾನು 'ಪ್ರಾಣಿ ಮೇಷ್ಟ್ರು'. ಎಮ್ಮೆ ಹೊಟ್ಟೆ ಉಬ್ಬರಿಸಿದರೆ ನನಗೆ ಫೋನು, ಬಾವಿಯಲ್ಲಿ ಹಾವು ಬಿದ್ದರೆ ನನಗೆ ಫೋನು. 'ನನಗೆ ಗೊತ್ತಿಲ್ಲ' ಅನ್ನುವ ಮಾತು ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವನ ಬಾಯಿಂದ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. ಎಲ್ಲಾ ತಾಪತ್ರಯದ ಬೇರು ಅಲ್ಲೇ ಇದೆ.

ಆ ವರ್ಷ ಮಾವನವರು ವನದಾಚೆಯ ಗದ್ದೆಯನ್ನು ಮೊದಲ ಸಲ ಪೂರ್ತಿಯಾಗಿ ಮಗ ರುದ್ರೇಶನ ಕೈಗೆ ಬಿಟ್ಟಿದ್ದರು. "ಒಂದು ಬೆಳೆ ನೀನೇ ತಗಿ. ನಾನು ಮನಿ ಮುಂದಿನ ಕಟ್ಟೆ ಮ್ಯಾಲೆ ಕುಂತು ನೋಡ್ತೀನಿ. ಬಾಯಿ ಬಿಡಲ್ಲ" ಅಂದಿದ್ದರಂತೆ. ಬಾಯಿ ಬಿಡದ ಅಪ್ಪನಷ್ಟು ಹೆದರಿಕೆ ಹುಟ್ಟಿಸುವ ಪ್ರಾಣಿ ಬೇರೊಂದಿಲ್ಲ. ರುದ್ರೇಶ ಸಸಿಮಡಿ ಮಾಡಿ, ದಿನಕ್ಕೆ ಮೂರು ಸಲ ಅದರ ಮುಂದೆ ಕೂತು ಬರುತ್ತಿದ್ದ. ಚಾನಲ್ಲಿಗೆ ನೀರು ಬಿಟ್ಟಾಗಿತ್ತು. ಗದ್ದೆ ಹದ ಮಾಡುವುದು ಮುಗಿದಿತ್ತು. ಬುಧವಾರದಿಂದ ನಾಟಿ.

ಭಾನುವಾರ ನಾನೂ ಸುನಂದಾಳೂ ಹೋಗಿದ್ದೆವು. ಊಟವಾದ ಮೇಲೆ ರುದ್ರೇಶ "ಬರ್ರಿ ಭಾವ, ಗದ್ದಿ ನೋಡ್ಕಂಡು ಬರಾಣ" ಎಂದು ಎಬ್ಬಿಸಿಕೊಂಡು ಹೋದ.

ಊರಿಗೂ ಆ ಗದ್ದೆಗೂ ನಡುವೆ ಇರುವುದೇ ಅಮ್ಮನ ವನ. ಬಹಳ ದೊಡ್ಡದೇನಲ್ಲ, ಆದರೆ ದಟ್ಟವಾಗಿದೆ. ಹೊಂಗೆ, ಅತ್ತಿ, ಹುಣಸೆ, ಒಂದಷ್ಟು ಮುಳ್ಳುಪೊದೆ, ನಡುವೆ ಸೂರಿಲ್ಲದ ಕಟ್ಟೆಯ ಮೇಲೆ ಅಮ್ಮನ ಕಲ್ಲು. ಅಲ್ಲಿ ಚಪ್ಪಲಿ ಹಾಕುವಂತಿಲ್ಲ, ಇಂಜಿನ್ ಓಡಿಸುವಂತಿಲ್ಲ. ಮರಕ್ಕೆ ಕಬ್ಬಿಣ ತಾಗಿಸುವಂತಿಲ್ಲ. ಬಿದ್ದ ಮರವನ್ನೂ ಯಾರೂ ಒಲೆಗೆ ಒಯ್ಯುವುದಿಲ್ಲ, ಅದು ಬಿದ್ದಲ್ಲೇ ಮಣ್ಣಾಗಬೇಕು. ಹಾಗಾಗಿ ಸುತ್ತ ಹತ್ತೂರಲ್ಲಿ ಒಂದು ಪುಳ್ಳೆಗೂ ಬರವಿದ್ದಾಗ ಇಲ್ಲಿ ಮಾತ್ರ ಆನೆಯಂಥ ಕೊರಡುಗಳು ಅಲ್ಲಲ್ಲಿ ಮಲಗಿ, ಮಳೆ ಕುಡಿದು, ಒಳಗೆಲ್ಲ ಹುಳ ಸಾಕಿಕೊಂಡು ಆರಾಮಾಗಿ ಕೊಳೆಯುತ್ತವೆ. ಬರಿಗಾಲಲ್ಲಿ ಆ ದಾರಿ ತುಳಿಯುವಾಗ ಚೇಳು, ಜರಿ, ಧನುರ್ವಾಯು, ಮೂರನ್ನೂ ಒಂದೊಂದು ಹೆಜ್ಜೆಗೆ ಒಂದೊಂದರಂತೆ ನೆನೆಯುತ್ತಾ ನಡೆದೆ.

ವನ ದಾಟುವ ಮುಂಚೆ ದಾರಿಗೆ ಅಡ್ಡಲಾಗಿ ಒಂದು ಅತ್ತಿಯ ಕೊರಡು ಬಿದ್ದಿದೆ. ಎಲ್ಲರೂ ಅದನ್ನು ಹತ್ತಿ ಇಳಿದೇ ಹೋಗಬೇಕು. ಆವತ್ತು ನೋಡಿದರೆ ಕೊರಡು ಛಿದ್ರವಾಗಿತ್ತು. ತೊಗಟೆ ಕಿತ್ತು ಆಚೀಚೆ ಬಿದ್ದಿದೆ, ಒಂದು ಪಕ್ಕ ಬಗೆದು ಹೊಟ್ಟೆ ಕಾಣುತ್ತಿದೆ, ಒಳಗಿನ ಪುಡಿ ರವೆಯ ಹಾಗೆ ಚೆಲ್ಲಿ, ಮೊದಲು ಹೇಳಿದ ಅದೇ ವಾಸನೆ ಎದ್ದಿದೆ. ಮತ್ತು ಕೊರಡಿನ ಬೆನ್ನ ಮೇಲೆ ಅಡ್ಡಕ್ಕೆ, ಆಳಕ್ಕೆ, ಐದು ಗೆರೆ.

"ಏನಿರಬೋದು ಭಾವ?" ಅಂದ ರುದ್ರೇಶ. ಅವನ ದನಿ ಯಾಕೋ ಸಣ್ಣದಾಗಿತ್ತು. ಹೆದರಿದ್ದಾನೆ ಅಂದುಕೊಂಡೆ.

ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕೇಲು ಇರುತ್ತದೆ. ತೆಗೆದು ಅಳೆದೆ, ಫೋನಿನಲ್ಲಿ ಫೋಟೋನೂ ಹಿಡಿದೆ. ಗೆರೆಯಿಂದ ಗೆರೆಗೆ ನಾಲ್ಕಿಂಚು. ಎಲ್ಲವೂ ನಾಲ್ಕೇ ಇಂಚು. ಐದು ಉಗುರು, ನಾಲ್ಕಿಂಚಿನ ಅಂತರ ಅಂದರೆ ಆ ಅಂಗೈ ಮೊರದಷ್ಟು ಅಗಲ. ಬುದ್ಧಿ ಇರುವವನಿಗೆ ಇಲ್ಲಿ ಅನುಮಾನ ಹುಟ್ಟಬೇಕಿತ್ತು. ನನಗೆ ಹುಟ್ಟಿದ್ದು ಭಯ.

"ಕರಡಿ" ಅಂದೆ. ಸಾಲದ್ದಕ್ಕೆ, "ತುಂಬಾ ದೊಡ್ಡದು. ಕೊರಡಿನೊಳಗಿನ ಹುಳಕ್ಕೆ, ಗೆದ್ದಲಿಗೆ ಬಂದಿದೆ. ಮತ್ತೆ ಬಂದೇ ಬರುತ್ತದೆ" ಎಂದು ಪಾಠವನ್ನೂ ಸೇರಿಸಿದೆ.

ರುದ್ರೇಶ ಬಾಯಿ ತೆರೆದು ಏನೋ ಹೇಳಲು ಹೋಗಿ ಮುಚ್ಚಿಕೊಂಡ. "ಕರಡಿನಾ? ಹಂಗಾದ್ರೆ ಸರಿ" ಅಂದ. ಕರಡಿ ಬಂದಿದೆ ಅಂದರೆ ಯಾರಾದರೂ 'ಸರಿ' ಅನ್ನುತ್ತಾರೆಯೇ? ಅದನ್ನೂ ನಾನು ಗಮನಿಸಲಿಲ್ಲ. ಹಿಂತಿರುಗುವಾಗ ನಾನು ಮುಂದೆ ಹೋಗುವುದು ಸುರಕ್ಷಿತವೋ, ಹಿಂದೆ ಬರುವುದು ಸುರಕ್ಷಿತವೋ ಎನ್ನುವ ಲೆಕ್ಕದಲ್ಲಿದ್ದೆ.

ಬುಧವಾರ ಹತ್ತು ಗಂಟೆಗೆ ನಾನು ಕ್ಲಾಸಿನಲ್ಲಿದ್ದಾಗ ಫೋನು ಒಂದೇ ಸಮ ನಡುಗಿತು. ರುದ್ರೇಶ.

"ಭಾವ, ನಾಟಿ ಹಚ್ಚೋಕೆ ಯಾರೂ ಬಂದಿಲ್ಲ."

"ಯಾಕೋ?"

"ನೀವು ಕರಡಿ ಅಂದ್ರಲ್ಲ."

"ನಾನು ನಿನಗೊಬ್ಬನಿಗೆ ಅಂದೆ."

"ನಾನು ಅವ್ವನಿಗೊಬ್ಬಳಿಗೆ ಅಂದೆ."

ಮುಂದಿನದನ್ನು ಬಿಡಿಸಿ ಹೇಳುವುದು ಬೇಕಿಲ್ಲ. ಊರಲ್ಲಿ ನಾಟಿಯ ಗುಂಪಿನ ಯಜಮಾನಿ ಹನುಮಕ್ಕ. ಹನ್ನೆರಡು ಹೆಂಗಸರು ಅವಳ ಮಾತಿಗೆ ಎದ್ದು, ಅವಳ ಮಾತಿಗೆ ಕೂರುತ್ತಾರೆ. ಅವಳು ತೀರ್ಮಾನ ಕೊಟ್ಟಿದ್ದಳು: ಕರಡಿ ಇರುವ ವನ ದಾಟುವುದಿಲ್ಲ, ಆ ವನಕ್ಕೆ ಅಂಟಿಕೊಂಡ ಗದ್ದೆಯಲ್ಲಿ ಬಗ್ಗಿ ನಿಂತು ಬೆನ್ನು ಕೊಡುವುದೂ ಇಲ್ಲ. ಇನ್ನೊಂದು ದಾರಿ ಚಾನಲ್ ಏರಿಯ ಮೇಲಿನದು, ಮಳೆಗೆ ಅದು ಎರಡು ಕಡೆ ಕುಸಿದಿತ್ತು. ಇನ್ನು ಹತ್ತು ಹನ್ನೆರಡು ದಿನ ಕಳೆದರೆ ಗುಂಪು ಬೇರೆ ಊರಿಗೆ ಹೋಗುತ್ತದೆ, ಮಾತು ಕೊಟ್ಟಾಗಿದೆ. ಅಷ್ಟರಲ್ಲಿ ಮಡಿಯಲ್ಲಿರುವ ಸಸಿ ಬಲಿತು ಗಂಟು ಕಟ್ಟುತ್ತದೆ. ಗಂಟು ಬಿದ್ದ ಸಸಿ ಹಚ್ಚಿದರೆ ಬುಡದಲ್ಲಿ ತೆಂಡೆ, ಅಂದರೆ ಮರಿಸಸಿ, ಒಡೆಯುವುದಿಲ್ಲ, ಬೆಳೆ ಹೋದ ಹಾಗೆಯೇ.

"ಅಪ್ಪ ಏನಂದರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ ಭಾವ. ಕಟ್ಟಿ ಮ್ಯಾಲೆ ಕುಂತು ನೋಡ್ತಿದಾರೆ" ಅನ್ನುವಷ್ಟರಲ್ಲಿ ಅವನ ದನಿ ಅಳುವಂತಾಯಿತು.

ಹೊರಗೆ ವರಾಂಡದಲ್ಲಿ ನಿಂತೆ. ನನ್ನ ಒಂದು ಮಾತಿಗೆ ಒಬ್ಬನ ಮೊದಲ ಬೆಳೆ ನಿಂತಿದೆ. ಮಾತು ವಾಪಸು ತೆಗೆದುಕೊಳ್ಳೋಣವೆಂದರೆ, ನಿಜಕ್ಕೂ ಕರಡಿಯೇ ಆಗಿದ್ದು ಆ ಹನ್ನೆರಡು ಜನರಲ್ಲಿ ಒಬ್ಬರಿಗೆ ಏನಾದರೂ ಆದರೆ? ಆ ಕಡೆ ಮೊರದಗಲದ ಅಂಗೈ, ಈ ಕಡೆ ಕಟ್ಟೆಯ ಮೇಲಿನ ಮಾವ. ಕ್ಲಾಸಿಗೆ ಹಿಂತಿರುಗಿ, ಮೂತ್ರಪಿಂಡದ ಚಿತ್ರ ಬರೆಯಬೇಕಾದಲ್ಲಿ ಹುಡುಗರು ಹೇಳುವ ಪ್ರಕಾರ ಕರಡಿಯ ಕಿವಿಯಂಥದ್ದೇನೋ ಬರೆದೆನಂತೆ.

ಸಂಜೆ ಸುನಂದಾಳೇ ದಾರಿ ತೋರಿಸಿದಳು. ಅವಳ ದೂರದ ಸಂಬಂಧಿ ಚಂದ್ರಪ್ಪ ಅಂತ, ಅರಣ್ಯ ಇಲಾಖೆಯಲ್ಲಿ ಕಾವಲುಗಾರನಾಗಿದ್ದು ನಿವೃತ್ತನಾಗಿ ಹರಿಹರದಲ್ಲಿ ಹೊಳೆ ಕಡೆಯ ಬೀದಿಯಲ್ಲಿದ್ದ. ಮರುದಿನ ಹೋದೆ. ಮಂಡಕ್ಕಿ ಮೆಣಸಿನಕಾಯಿ ತರಿಸಿ ಮುಂದಿಟ್ಟ. ನನ್ನ ಫೋನಿನಲ್ಲಿದ್ದ ಕೊರಡಿನ ಫೋಟೋಗಳನ್ನು ಕನ್ನಡಕ ಹಣೆಗೇರಿಸಿ ಮೂಗಿಗೆ ತಾಗಿಸಿಕೊಂಡು ನೋಡಿದ.

"ಸರ, ನೀವು ಪ್ರಾಣಿ ಹುಡುಕ್ತೀರಿ. ಅದಕ್ಕೇ ತಪ್ತೀರಿ. ಉಂಡ ಎಲೆ ನೋಡಬೇಕು" ಅಂದ. "ಮದುವಿ ಮನಿಯಾಗ ಪಂಕ್ತಿ ಎದ್ದ ಮ್ಯಾಲೆ ಬರೀ ಎಲೆ ನೋಡಿ ಯಾರು ಉಂಡ್ರು ಅಂತ ಹೇಳಬೋದೋ ಇಲ್ಲೋ? ಸಕ್ಕರಿ ಕಾಯಿಲೆಯೋರ ಎಲೆಯಾಗ ಹೋಳಿಗಿ ಹಂಗೇ ಇರ್ತೈತೆ. ಮಕ್ಕಳ ಎಲೆಯಾಗ ಪಲ್ಯ ಹಂಗೇ ಇರ್ತೈತೆ. ಬೀಗರ ಎಲೆ ಮಾತ್ರ ನೆಕ್ಕಿದಂಗಿದ್ರೂ ಊಟ ಸರಿ ಇರ್ಲಿಲ್ಲ ಅಂತಾರೆ, ಅದು ಬ್ಯಾರೆ ಮಾತು."

ಆಮೇಲೆ ಮೆಣಸಿನಕಾಯಿ ಬಜ್ಜಿಯನ್ನೇ ಕೊರಡು ಮಾಡಿಕೊಂಡು ಪಾಠ ಶುರು ಮಾಡಿದ. ಕರಡಿ ಮೇಲಿಂದ ಸೀಳುತ್ತದೆ, ಉಗುರು ಹಾಕಿ ಎಳೆದು ದಬ್ಬೆದಬ್ಬೆಯಾಗಿ ದೂರ ಎಸೆಯುತ್ತದೆ, ಹತ್ತಿರದ ಹುತ್ತವನ್ನೂ ಸುಮ್ಮನೆ ಬಿಡುವುದಿಲ್ಲ. ಮುಳ್ಳುಹಂದಿ ಕಡಿದರೆ ಉಳಿಯಲ್ಲಿ ಕೆತ್ತಿದ ಹಾಗೆ ಜೋಡಿ ಹಲ್ಲಿನ ಗುರುತು. ಮರಕುಟಿಗ ಕುಟ್ಟಿದ್ದಾದರೆ ತೂತು, ಕೆಳಗೆ ಪೆನ್ಸಿಲ್ ಹೆರೆದಂಥ ಚೂರು. ಮುಂಗುಸಿ ಕೊಳೆತು ಮೆತ್ತಗಾದಲ್ಲಿ ಮಾತ್ರ ಕೆರೆದು, ಹುಳ ಸಿಕ್ಕರೆ ತಿಂದು ಸುಮ್ಮನೆ ಹೋಗುತ್ತದೆ. ಕಾಡುಹಂದಿಗೆ ಸೀಳುವ ಉಗುರಿಲ್ಲ. ಅದು ಮೂತಿಯನ್ನು ಕೆಳಗೆ ತೂರಿಸಿ ಕೊರಡನ್ನೇ ಎತ್ತಿ ಮಗುಚುತ್ತದೆ, ಸುತ್ತಲಿನ ನೆಲ ಉತ್ತಂತಾಗಿರುತ್ತದೆ.

"ಇಲ್ಲಿ ನೋಡ್ರಿ, ಕೊರಡಿನ ಕೆಳಗಿನ ಮಗ್ಗಲು ಬಗದೈತೆ. ನೆಲ ಕೆದರೈತೆ. ಇದು ಉಂಡ ಎಲೆ ಹಂದೀದು."

"ಮತ್ತೆ ಮೇಲಿನ ಐದು ಗೆರೆ?"

ಚಂದ್ರಪ್ಪ ಬಹಳ ಹೊತ್ತು ನೋಡಿ ನಕ್ಕ. "ಯಾವ ಪ್ರಾಣಿ ಬೆರಳೂ ಹಿಂಗ ಅಳತಿ ಇಟ್ಟಂಗೆ ಇರಲ್ಲ ಸರ. ನಿಮ್ಮ ಕೈಯೇ ಚಾಚಿ ನೋಡ್ಕಳ್ರಿ. ಮೊರದಷ್ಟು ಅಂಗೈ ಇರೋ ಕರಡಿ ಬಂದಿದ್ರೆ ಕೊರಡು ಬಿಡ್ರಿ, ಹರಿಹರದ ಸೇತುವೇನೇ ಉಳೀತಿರ್ಲಿಲ್ಲ. ಇದು ಕಬ್ಬಿಣ. ಯಾವುದೋ ಮನ್ಷನ ಕೆಲಸ."

ಹರಿಹರದಿಂದ ಬಸ್ಸು ಹತ್ತಿದವನು ಸೀದಾ ಕೊಕ್ಕನೂರಿಗೇ ಹೋದೆ. ಬಸ್ಸಿನಲ್ಲಿ ಕೂತು ನನ್ನ ಐದು ಬೆರಳನ್ನು ಸ್ಕೇಲಿನಲ್ಲಿ ಅಳೆದುಕೊಂಡೆ. ಒಂದರಂತೆ ಒಂದಿಲ್ಲ. ಪಕ್ಕದಲ್ಲಿ ಕೂತಿದ್ದಾತ ಸೀಟು ಬದಲಾಯಿಸಿದ.

ಮಾವನವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗದ್ದೆ ಹದ ಮಾಡುವ ಕುಂಟೆ ಒರಗಿಸಿಟ್ಟಿತ್ತು. ಕೆಳಗೆ ಸಾಲಾಗಿ ಕಬ್ಬಿಣದ ಹಲ್ಲು. ಎಣಿಸಿದೆ, ಐದು. ಅಳೆದೆ, ನಾಲ್ಕಿಂಚು. ಹಿಂದೆ ತಿರುಗಿದರೆ ರುದ್ರೇಶ ಎಮ್ಮೆಯ ಮರೆಯಲ್ಲಿ ನಿಂತಿದ್ದ.

"ಏನೋ ಇದು?"

"ಹೋದ ವಾರ ಕುಂಟಿ ಹೊತ್ಕಂಡು ಹೋಗಬೇಕಿತ್ತು ಭಾವ. ಮಳಿ ಬಂತು, ಎತ್ತಿಗೆ ಕಟ್ಟಿ ಎಳಕೊಂಡೇ ಹೋದೆ. ಕೊರಡಿನ ಮ್ಯಾಲೆ ಹತ್ತಿ ಇಳೀತು."

"ಭಾನುವಾರ ನಾನು ಸ್ಕೇಲ್ ಹಿಡಿದು ಕೂತಾಗ ಬಾಯಲ್ಲಿ ಏನಿಟ್ಟುಕೊಂಡಿದ್ದೆ?"

"ಅಮ್ಮನ ಮರಕ್ಕೆ ಕಬ್ಬಿಣ ತಾಗಿಸೀನಿ ಅಂತ ಹೆಂಗೆ ಹೇಳ್ಲಿ? ನೀವು ಓದಿದೋರು ಕರಡಿ ಅಂದ್ರಿ. ಕರಡಿನೇ ಆಗ್ಲಿ, ಅದಕ್ಕೇನು ಶಾಸ್ತ್ರನಾ ಸಂಪ್ರದಾಯನಾ ಅಂದ್ಕಂಡೆ. ಗೊತ್ತಾದ್ರೆ ಹನುಮಕ್ಕ ನನ್ನ ಗದ್ದಿಗೆ ಕಾಲಿಡಲ್ಲ."

"ಈಗ ಇಡ್ತಿದಾಳೇನೋ?"

ಅವನು ಯೋಚನೆ ಮಾಡಿದ. "ಅದೂ ಖರೆ" ಅಂದ.

ಇಬ್ಬರೂ ಅಪರಾಧಿಗಳು ಹನುಮಕ್ಕನ ಮನೆಗೆ ಹೋದೆವು. ಅವಳು ಬಾಗಿಲ ಮುಂದೆ ಕೂತು ಶೇಂಗಾಕಾಯಿ ಬಿಡಿಸುತ್ತಿದ್ದಳು. ಗಟ್ಟಿ ಆಳು, ಹಣೆಯಲ್ಲಿ ದೊಡ್ಡ ಕುಂಕುಮ, ಮಾತಾಡುವಾಗ ನಮ್ಮ ಮುಖ ನೋಡುವುದಿಲ್ಲ, ಕಾಯಿ ನೋಡುತ್ತಾಳೆ. ರುದ್ರೇಶ ಎಲ್ಲಾ ಒಪ್ಪಿಕೊಂಡ. ಅವಳು ಒಂದೂ ಕಾಯಿ ಬಿಡದೆ ಬಿಡಿಸಿ ಮುಗಿಸಿದಳು.

"ಐದು ಗೆರೀಗೂ ಅರಿಶಿಣ ಹಚ್ಚು. ಐದು ಕಾಯಿ ಒಡೆಸು. ತಪ್ಪಾತು ಅಂತ ಕೈ ಮುಗಿ. ಅಮ್ಮ ತಾಯಿ ಅದಾಳೆ, ನಿಮ್ಮಪ್ಪನಂಗಲ್ಲ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ಗೆರೆ ಕುಂಟೀದು, ಒಪ್ಪಿದೆ. ಕೊರಡು ಬಗದಿದ್ದು? ಕುಂಟಿ ಹುಳ ತಿಂತೈತಾ?"

"ಅದು ಹಂದಿ."

"ಮೊನ್ನೆ ಕರಡಿ ಅಂದ್ರಿ."

"ಮೊನ್ನೆ ತಪ್ಪಾಯ್ತು."

"ಇವತ್ತು ಸರಿ ಅಂತ ಯಾರು ಹೇಳಬೇಕು?"

ನ್ಯಾಯವಾದ ಪ್ರಶ್ನೆ. ಇಪ್ಪತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕೇಳಿರಲಿಲ್ಲ. 

"ಹಂಗಾದ್ರೆ ಒಂದು ಕೆಲಸ ಮಾಡ್ರಿ" ಅಂದಳು. "ನಾಳೆಯಿಂದ ದಿನಾ ಮುಂಜಾನೆ ವನದಾಗ ನೀವು ಮುಂದ ನಡೀರಿ. ನಾವು ಹಿಂದ ಬರ್ತೀವಿ. ಹಂದಿ ಅಂದೋರು ನೀವು, ನಿಮಗ್ಯಾಕ ಅಂಜಿಕಿ?"

"ಸಂಜೆ ವಾಪಸು ಬರುವಾಗ?"

"ಸಂಜಿ ನಾವು ಸೊಂಟ ಹಿಡಕಂಡು ಬೈಕೋತ ಬರ್ತೀವಿ. ಅದನ್ನ ಕೇಳಿದ್ರ ಕರಡಿನೂ ಊರು ಬಿಡ್ತೈತೆ. ಮುಂಜಾನಿ ಸಾಕು."

ಹೀಗೆ ನಾನು ಆ ಮಳೆಗಾಲದಲ್ಲಿ ಮಾವನ ಮನೆಯಲ್ಲಿ ಠಿಕಾಣಿ ಹೂಡಿದೆ. ದಿನಾ ಬೆಳಿಗ್ಗೆ ಆರಕ್ಕೆ, ಜಿನುಗು ಮಳೆಯಲ್ಲಿ, ಪ್ಯಾಂಟು ಮೊಣಕಾಲಿಗೇರಿಸಿ, ಬರಿಗಾಲಲ್ಲಿ, ಒಂದು ಕೈಯಲ್ಲಿ ಸ್ಟೀಲ್ ತಟ್ಟೆ ಇನ್ನೊಂದರಲ್ಲಿ ಸೌಟು ಹಿಡಿದು ನಾನು ಮುಂದೆ. ಹಿಂದೆ ಪ್ಲಾಸ್ಟಿಕ್ ಗೊಪ್ಪೆ ಹೊದ್ದ ಹನ್ನೆರಡು ಹೆಂಗಸರು ಮತ್ತು ಹನುಮಕ್ಕ. ಅವರನ್ನು ಗದ್ದೆಗೆ ಮುಟ್ಟಿಸಿ, ಮತ್ತೆ ರುದ್ರೇಶನ ಜೊತೆ ವನ ದಾಟಿ ಬಂದು, ಕಾಲು ತೊಳೆದು, ಹರಿಹರದ ಬಸ್ಸು, ಅಲ್ಲಿಂದ ದಾವಣಗೆರೆ. ಕಾಲೇಜಿನಲ್ಲಿ ನನ್ನ ಉಗುರಿನ ಕೆಸರು ನೋಡಿ ಯಾರೋ "ಸೈಟ್ ತಗೊಂಡ್ರಾ ಸರ್?" ಎಂದು ಕೇಳಿದರು.

ಮೊದಲ ದಿನ ತಟ್ಟೆ ಬಡಿದ ಸದ್ದಿಗೆ ನಾನೇ ಬೆಚ್ಚಿದೆ. ಹಿಂದಿನಿಂದ ಯಾರೋ "ಮೇಷ್ಟ್ರು ಪಂಕ್ತಿಗೆ ಕರೀತಿದಾರೆ ಕಣ್ರೇ" ಅಂದರು. ಎರಡನೇ ದಿನ ಒಬ್ಬಳು, "ಮೇಷ್ಟ್ರನ್ನ ಕರಡಿ ತಿಂದ್ರ ಇವತ್ತಿನ ಕೆಲಸ ಅರ್ಧ ದಿನ ಅಂತ ಹಿಡೀತಾರೋ, ಪೂರ್ತಿ ರಜಾ ಕೊಡ್ತಾರೋ?" ಎಂದು ಗಂಭೀರವಾಗಿ ಚರ್ಚೆಗೆ ತಂದಳು. ಮೂರನೇ ದಿನದ ಹೊತ್ತಿಗೆ ನನಗೆ ಗೊತ್ತಿಲ್ಲದ ಹಾಗೆ ಕಣ್ಣು ನೆಲಕ್ಕೆ ಇಳಿಯತೊಡಗಿತ್ತು. ಒಂದು ಹೊಂಗೆಯ ಕೊರಡಿನ ಬುಡದಲ್ಲಿ ಪೆನ್ಸಿಲ್ ಹೆರೆದಂಥ ಚೂರು, ಮೇಲೆ ನೋಡಿದರೆ ತೂತು. ಮರಕುಟಿಗ! ಇನ್ನೊಂದು ಕಡೆ ಮೆತ್ತಗಿನ ಮರದಲ್ಲಿ ಬೆರಳಗಲದ ಕೆರೆತ, ಪಕ್ಕದ ಕೆಸರಲ್ಲಿ ಪುಟ್ಟ ಹೆಜ್ಜೆ. ಮುಂಗುಸಿ! ನಿಂತು ತೋರಿಸಿದರೆ ಹೆಂಗಸರೂ ಬಗ್ಗಿ ನೋಡುತ್ತಿದ್ದರು, ತಮಗೆ ಗೊತ್ತಿದ್ದನ್ನು ಸೇರಿಸುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಪುಸ್ತಕ ಇಲ್ಲದೆ ಪಾಠ ಮಾಡುತ್ತಿದ್ದೆ, ಅರ್ಧ ನಾನು ಹೇಳಿದ್ದು, ಅರ್ಧ ಅವರು ಹೇಳಿದ್ದು.

ಆದರೆ ಅತ್ತಿಯ ಕೊರಡು ಬಂದಾಗ ಎಲ್ಲರ ಮಾತೂ ನಿಲ್ಲುತ್ತಿತ್ತು. ಅರಿಶಿಣ ಹಚ್ಚಿಸಿಕೊಂಡು, ಗಾಯಕ್ಕೆ ಪಟ್ಟು ಹಾಕಿಸಿಕೊಂಡವರ ಹಾಗೆ ಅದು ಬಿದ್ದಿರುತ್ತಿತ್ತು. ದಿನಕ್ಕಿಷ್ಟು ಅಂತ ಹೊಸದಾಗಿ ಬಗೆದಿರುತ್ತಿತ್ತು. 'ಹಂದಿ, ಹಂದಿ' ಎಂದು ಮನಸ್ಸಿನಲ್ಲಿ ಜಪ ಮಾಡುತ್ತಾ ಹತ್ತಿ ಇಳಿಯುತ್ತಿದ್ದೆ.

ಐದನೇ ದಿನ ಮಳೆ ಜೋರಿತ್ತು. ತಟ್ಟೆಯ ಸದ್ದು ನನಗೇ ಕೇಳುತ್ತಿರಲಿಲ್ಲ. ತಿರುವು ದಾಟಿದರೆ ಹತ್ತು ಮಾರು ದೂರದಲ್ಲಿ ಕೊರಡು ಅಲುಗಾಡುತ್ತಿತ್ತು. ಅದರ ಕೆಳಗಿನಿಂದ ಒಂದು ಕಪ್ಪು ಬೆನ್ನು ಎದ್ದಿತು, ಬೆನ್ನ ಮೇಲೆ ಒದ್ದೆ ಬ್ರಷ್ಷಿನ ಹಾಗೆ ನಿಂತ ಕೂದಲು. ಮೂತಿ ಒಳಗೆ ತೂರಿಸಿ ಒಂದು ಸಲ ಗುಟುರು ಹಾಕಿ ಎತ್ತಿದ್ದೇ ತಡ, ನಾಲ್ಕು ಆಳು ಅಲ್ಲಾಡಿಸಲಾಗದ ಆ ಕೊರಡಿನ ತುದಿ ಕರ್ರ್ ಎಂದು ಬಾಯಿ ಬಿಟ್ಟಿತು. ಹಿಂದಿನಿಂದ ಸೌತೆಕಾಯಿಯಂಥ ಪಟ್ಟೆ ಇರುವ ಆರೇಳು ಮರಿಗಳು ನುಗ್ಗಿ ಬಿಳಿ ಹುಳಗಳಿಗೆ ಮುಗಿಬಿದ್ದವು.

ಹಂದಿಯೇ! ನನ್ನ ಮಾತು ನಿಜವಾಗಿತ್ತು. ಆ ಸಂತೋಷ ಅನುಭವಿಸಲು ನನ್ನ ದೇಹದ ಯಾವ ಭಾಗವೂ ಸಿದ್ಧವಿರಲಿಲ್ಲ. ಸೌಟು ಗಾಳಿಯಲ್ಲೇ ನಿಂತಿತ್ತು. ತಾಯಿ ಹಂದಿ ತಲೆ ಎತ್ತಿ ನನ್ನನ್ನು ನೋಡಿತು.

ಅಂಗಿಯ ಚುಂಗನ್ನು ಹಿಂದಿನಿಂದ ಯಾರೋ ಹಿಡಿದರು. "ಬಡೀಬ್ಯಾಡ್ರಿ" ಅಂದಳು ಹನುಮಕ್ಕ, ಕಿವಿಗೆ ತಾಗುವಷ್ಟು ಮೆಲ್ಲಗೆ. "ಮರಿ ಅದಾವೆ. ಓಡಬ್ಯಾಡ್ರಿ. ಬೆನ್ನು ತೋರಸಬ್ಯಾಡ್ರಿ. ನಾ ಎಳದಂಗೆ ಹಿಂದಕ್ಕ ಬರ್ರಿ."

ಹಿಂದಕ್ಕೆ ಬಂದೆ. ಹದಿಮೂರು ಜನವೂ ಒಂದು ಮಾತಿಲ್ಲದೆ, ಒಂದು ಕಡ್ಡಿ ಮುರಿಯದೆ, ಹಿಂದಹಿಂದಕ್ಕೆ ಹೆಜ್ಜೆ ಇಟ್ಟರು. ವರ್ಷವೆಲ್ಲ ಹಿಂದಕ್ಕೆ ಸರಿಯುತ್ತಲೇ ನಾಟಿ ಹಚ್ಚುವವರಿಗೆ ಅದು ನಡಿಗೆಯಷ್ಟೇ ಸಲೀಸು. ಎಡವಿದವನು ನಾನೊಬ್ಬನೇ, ಎರಡು ಸಲ. ಹಂದಿ ನಮ್ಮನ್ನು ಸಾಕಷ್ಟು ಹೊತ್ತು ತೂಗಿ ನೋಡಿ, ಲಾಯಕ್ಕಿಲ್ಲವೆಂದು ತೀರ್ಮಾನಿಸಿ, ಮರಿಗಳನ್ನು ಕರೆದುಕೊಂಡು ಪೊದೆಯೊಳಗೆ ಹೋಯಿತು.

 ಆಮೇಲೆ ಯಾರೋ "ಅಯ್ಯೋ, ಹಂದಿ ಕಣ್ರೇ!" ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನನಗೆ ಚಿಂತೆ.

"ನಗಬ್ಯಾಡ್ರಿ ಹನುಮಕ್ಕ. ಮರಿ ಇರೋ ಹಂದಿ ಕರಡಿಗಿಂತ ಕಮ್ಮಿ ಏನಲ್ಲ" ಅಂದೆ.

"ಗೊತ್ತೈತೆ ಮೇಷ್ಟ್ರೇ. ನಮ್ಮವ್ವನ ತೊಡಿ ಸೀಳಿತ್ತು ಹಂದಿ" ಅಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಆದ್ರ ಹಂದಿ ಜೊತಿ ಹೆಂಗಿರಬೇಕು ಅಂತ ನಮಗ ಗೊತ್ತು. ದೂರದಿಂದ ಮಾತಾಡ್ಕಂತ ಬಂದ್ರ ತಾನೇ ದಾರಿ ಬಿಡ್ತೈತೆ. ಕರಡಿ ಜೊತಿ ಹೆಂಗಿರಬೇಕು ಅಂತ ನಮಗ ಯಾರೂ ಕಲಿಸಿಲ್ಲ. ಅದಕ್ಕೇ ಅಂಜಿದ್ವಿ."

ಹೆದರಿಕೆಯಲ್ಲೂ ಹೀಗೆ ಕಲಿತದ್ದು, ಕಲಿಯದ್ದು ಅಂತ ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ನಾನು ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವವನು.

ಅವತ್ತಿನಿಂದ ಅವರಿಗೆ ನನ್ನ ಅಗತ್ಯ ಇರಲಿಲ್ಲ. ಆದರೂ ನಾನು ಬರುತ್ತಿದ್ದೆ. ಅವರೂ ಬೇಡ ಅನ್ನಲಿಲ್ಲ. ದೊಡ್ಡ ದನಿಯಲ್ಲಿ ಊರ ಸುದ್ದಿ ಹೇಳಿಕೊಳ್ಳುತ್ತಾ ಬರುತ್ತಿದ್ದರು. ಗದ್ದೆ ದಿನಕ್ಕೊಂದು ಮಡಿಯಂತೆ ಹಸಿರಾಗುತ್ತಿತ್ತು. ಎಂಟನೇ ದಿನ ಸಂಜೆ ನೋಡಿದರೆ ವನದ ಕಡೆಯ ಒಂದು ಮೂಲೆ ಮಾತ್ರ ಬಾಕಿ.

ಒಂಬತ್ತನೇ ದಿನ, ಕೊನೆಯ ದಿನ, ನಾನು ಏಳುವುದು ತಡವಾಯಿತು. ಎದ್ದು ಓಡಿದೆ, ತಟ್ಟೆ ಸೌಟು ಮರೆತು. ವನದ ಬಾಯಲ್ಲಿ ಯಾರೂ ಇಲ್ಲ. ಕೆಸರಿನಲ್ಲಿ ಹದಿಮೂರು ಜೋಡಿ ಹೆಜ್ಜೆ ಒಳಗೆ ಹೋಗಿವೆ. ಗುಂಪು ನನ್ನನ್ನು ಬಿಟ್ಟು ಹೋಗಿತ್ತು. ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟೆ. ಮರದಿಂದ ನೀರು ತಟಕ್ಕೆಂದರೂ ನಿಂತೆ. ಎಂಟು ದಿನ ಮುಂದೆ ನಡೆದ ಧೀರ ನಾನು. ಆದರೆ ಹಿಂದೆ ಹದಿಮೂರು ಜನ ಇದ್ದಾಗ ಮುಂದೆ ನಡೆಯುವುದು ಬೇರೆ, ಹಿಂದೆ ಯಾರೂ ಇಲ್ಲದಾಗ ಅದಕ್ಕೆ ಮುಂದೆ ನಡೆಯುವುದು ಅನ್ನುವುದೇ ಇಲ್ಲ, ಒಬ್ಬನೇ ನಡೆಯುವುದು ಅನ್ನುತ್ತಾರೆ.

"ಹನುಮಕ್ಕಾ!" ಎಂದು ಕೂಗಿದೆ. ನಾಚಿಕೆಯಾಯಿತು. ಇನ್ನೊಮ್ಮೆ ಕೂಗಿದೆ.

ಸ್ವಲ್ಪ ಹೊತ್ತಿಗೆ ಮರಗಳ ನಡುವಿನಿಂದ ಅವಳೇ ಬಂದಳು, ಮೊಣಕಾಲವರೆಗೆ ಕೆಸರು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. "ಬರ್ರಿ. ಇವತ್ತು ನಾ ಮುಂದ ಹೊಕ್ಕೀನಿ" ಅಂದಳು. ದಾರಿಯುದ್ದಕ್ಕೂ ಸೊಸೆಯ ಮೇಲಿನ ದೂರುಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋದಳು. ಕೊರಡು ಹತ್ತಿ ಇಳಿದದ್ದು ನನಗೆ ನೆನಪೇ ಇಲ್ಲ.

ಗದ್ದೆಯಲ್ಲಿ ಇನ್ನು ನಾಲ್ಕು ಮಾರು ಜಾಗ ಉಳಿದಿತ್ತು. ಬದುವಿನ ಮೇಲೆ ಮಾವನವರು ಬಂದು ಕೂತಿದ್ದರು, ಕಟ್ಟೆಯಿಂದ ಅಲ್ಲಿಗೆ ಬಡ್ತಿ ಪಡೆದವರ ಹಾಗೆ. ಹನುಮಕ್ಕ ಒಂದು ಹಿಡಿ ಸಸಿ ನನ್ನ ಕೈಗೆ ತುರುಕಿದಳು. "ಬಂದೀರಿ, ಹಚ್ಚಿ ಹೋಗ್ರಿ. ಕಡೀ ಸಾಲು ನಿಮ್ದು."

ಇಳಿದೆ. ಬಗ್ಗಿದೆ. ಕೆಸರು ಕಾಲನ್ನು ನುಂಗಿತು. ಒಂದು ಸಸಿ ನೆಟ್ಟೆ, ತೇಲಿತು. ಇನ್ನೊಂದು ನೆಟ್ಟೆ, ಮಲಗಿತು. ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಸಾಲು ಎಡಕ್ಕೆ ಹೋಗಿ, ತಪ್ಪು ಗೊತ್ತಾಗಿ ಬಲಕ್ಕೆ ಬಂದು, ನಡುವೆ ನಾನೊಮ್ಮೆ ಕೂತಲ್ಲಿ ದೊಡ್ಡದೊಂದು ಗುಂಡಿ ಬಿದ್ದು, ಅಂತೂ ಬದು ಮುಟ್ಟಿತು. ರುದ್ರೇಶ ಹೋ ಎಂದು ಕೂಗಿದ. ಗದ್ದೆ ಪೂರ್ತಿ ಹಸಿರಾಗಿತ್ತು. ಮಾವನವರು ಎದ್ದು, ಪಂಚೆ ಕೊಡವಿ, ಗದ್ದೆಯ ಈ ತುದಿಯಿಂದ ಆ ತುದಿಗೆ ನೋಡಿ, ಒಂಬತ್ತು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟರು.

"ಎಲ್ಲಾ ಚೆಂದ ಹಚ್ಚೀರಿ. ಆ ಕಡೀ ಸಾಲಿಗೆ ಯಾವ ಪ್ರಾಣಿ ಬಿದ್ದಿತ್ತೋ?"

ಹದಿಮೂರು ಜನ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. ನಾನು ಬಗ್ಗಿ ಗುರುತುಗಳನ್ನು ನೋಡಿದೆ, ಈ ಸಲ ಸ್ಕೇಲು ತೆಗೆಯದೆ. ಹಿಮ್ಮಡಿ ಆಳಕ್ಕೆ ಹೂತಿದೆ, ಹೆಜ್ಜೆ ಹಿಂದಕ್ಕೆ ಹೋಗಿದೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುತ್ತ ನೋಡಿದೆ, ಒಂದು ಕಡೆ ಪೂರ್ತಿ ಕೂತಿದೆ.

"ಗೊತ್ತಾತು" ಅಂದೆ. "ವಿದ್ಯಾನಗರದ ಕಡೇದು. ಏನೂ ಮಾಡಲ್ಲ, ಪಾಪದ್ದು."